ಕ್ಯಾನೇ ಕದನ ಮತ್ತು ಐಸ್ ಫ್ಯಾಕ್ಟರಿ

ಫುಟ್‌ಬಾಲ್ ಲೀಗ್ ಶುರುವಾಗುವುದಕ್ಕೆ ಮುಂಚಿನ ವಾರಗಳಲ್ಲಿ ಚಾಳೀಸು ಕೋಚ್‌ನಷ್ಟು ಸುಖಿ ಆ ಬೀದಿಯಲ್ಲಿ ಇನ್ನೊಬ್ಬ ಇರುತ್ತಿರಲಿಲ್ಲ. ಆಗಿನ್ನೂ ಯಾರೂ ಒಂದು ಪಂದ್ಯವನ್ನೂ ಆಡಿರುವುದಿಲ್ಲ. ಎಲ್ಲ ತಂಡಗಳ ಮುಂದೆಯೂ ಸೊನ್ನೆ. ಸೊನ್ನೆಯ ವಿಷಯದಲ್ಲಿ ಅವನ ತಂಡ ಯಾರಿಗೂ ಕಡಿಮೆಯಿರಲಿಲ್ಲ. ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವಾಗಲೇ ಅವನ ತಲೆಯೊಳಗೆ ಲೀಗ್ ಗೆದ್ದವರ ಕಪ್ಪು ಎತ್ತಿಯಾಗಿರುತ್ತಿತ್ತು. ಲೀಗಿನ ಮೊದಲ ಪಂದ್ಯ ಮುಗಿಯುವ ಹೊತ್ತಿಗೆ ಆ ಗಾಳಿಗೋಪುರ ನೆಲಕ್ಕೆ ಬಿದ್ದಿರುತ್ತಿತ್ತು ಅನ್ನುವುದು ಬೇರೆ ಮಾತು. ಪ್ರತಿವರ್ಷ ಬೀಳುತ್ತಿತ್ತು, ಪ್ರತಿವರ್ಷ ಅವನು ಹೊಸದಾಗಿ ಕಟ್ಟುತ್ತಿದ್ದ. ಇದನ್ನು ಛಲ ಅನ್ನಬೇಕೋ ದಡ್ಡತನ ಅನ್ನಬೇಕೋ ಅವನಿಗೇ ಗೊತ್ತಿರಲಿಲ್ಲ, ಕೇಳಿದವರಿಗೆ ಮಾತ್ರ ಛಲ ಅನ್ನುತ್ತಿದ್ದ.

ಅವನದು ಕನ್ನಡಕದ ಅಂಗಡಿ. ಅದಕ್ಕೇ ಚಾಳೀಸು ಅಂತ ಹೆಸರು. ಕೋಚ್ ಆದದ್ದು ಹೇಗೆ ಅಂದರೆ, ಒಂದು ಸಲ ಬೀದಿಯ ಹುಡುಗರಿಗೆಲ್ಲ ಅಂಗಡಿಯ ಹೆಸರು ಹಾಕಿಸಿ ಜೆರ್ಸಿ ಹೊಲಿಸಿಕೊಟ್ಟ. ಜೆರ್ಸಿಯ ಜತೆಗೆ ತನ್ನ ಕೊರಳಿಗೆ ಒಂದು ಸೀಟಿಯನ್ನೂ ಹಾಕಿಕೊಂಡು ಮೈದಾನಕ್ಕೆ ಬಂದ. ಜೆರ್ಸಿ ಬೇಕು, ಸೀಟಿ ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಫುಟ್‌ಬಾಲಿನಲ್ಲಿ ಅವನ ಅನುಭವ ಏನು ಅಂದರೆ, ಶಾಲೆಯಲ್ಲಿ ಬದಲಿ ಆಟಗಾರನಾಗಿ ಬೆಂಚಿನ ಮೇಲೆ ಕೂತದ್ದು. ಕೂತಲ್ಲಿಂದ ಅವನನ್ನು ಯಾರೂ ಒಂದು ಸಲವೂ ಏಳಿಸಿರಲಿಲ್ಲ. ‘ಆಟವನ್ನ ಹೊರಗಿಂದ ನೋಡೋದಕ್ಕೆ ಅಲ್ಲೇ ಕಲಿತೆ’ ಎಂದು ಅವನು ಅದನ್ನೂ ಲಾಭದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದ.

ತಂಡದ ಗೋಲ್‌ಕೀಪರ್ ಡೂಪ್ಲಿಕೇಟ್ ಚಾವಿ ಮಾಡುವವನು. ಎಲ್ಲರೂ ಅವನನ್ನು ಬೀಗ ಅನ್ನುತ್ತಿದ್ದರು. ಹೆಸರಿಗೆ ಬೀಗ, ಬಾಗಿಲು ಸದಾ ತೆಗೆದೇ ಇರುತ್ತಿತ್ತು. ನಾಯಕ ಟೈರ್ ಅಂಗಡಿಯ ಪಂಕ್ಚರ್. ಗಟ್ಟಿ ಆಳು, ಆದರೆ ಅರ್ಧ ಆಟ ಮುಗಿಯುತ್ತಲೇ ಏದುಸಿರು. ಇಂಥವರನ್ನು ಕಟ್ಟಿಕೊಂಡು ಗೆಲ್ಲುವುದಕ್ಕೆ ಚಾಳೀಸು ಕೋಚ್ ನಂಬಿದ್ದು ಒಂದೇ ಒಂದನ್ನು. ಅದು ಯುದ್ಧ.

ಯುದ್ಧದ ಹುಚ್ಚು ಹಿಡಿಸಿದವನು ಅಣ್ಣ. ಅಣ್ಣ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದವನು, ಈಗ ನಿವೃತ್ತ. ಅಂಗಡಿಯ ಮೇಲಿನ ಮನೆಯಲ್ಲೇ ಅವನ ಸಂಸಾರ. ತಮ್ಮನಾದ ಕೋಚ್ ಮದುವೆಯ ಗೋಜಿಗೇ ಹೋಗದವನಾದ್ದರಿಂದ ಅವನ ಊಟವೂ ಅಲ್ಲೇ, ಅತ್ತಿಗೆಯ ಕೈಯಲ್ಲೇ. ಊಟಕ್ಕಿಂತ ಮುಖ್ಯ ಊಟದ ಜತೆಗಿನ ಜಗಳ. ತಮ್ಮನ ವಾದ: ಒಂದು ದಿನ, ಒಂದು ಮೈದಾನ, ಒಬ್ಬನ ಉಪಾಯ, ಅಷ್ಟರಲ್ಲಿ ಇಡೀ ಚರಿತ್ರೆ ತಿರುಗಿಬಿಡುತ್ತದೆ. ಅಣ್ಣನ ವಾದ: ಯುದ್ಧ ಅನ್ನುವುದು ಬರೀ ಸದ್ದು, ಕೊನೆಗೆ ಗೆಲ್ಲುವುದು ಕಣಜದ ಧಾನ್ಯ, ಒಳ್ಳೆಯ ರಸ್ತೆ, ಕಾಯಿಲೆ ಬೀಳದ ಸೈನಿಕ. ವಾಟರ್ಲೂ ಅಂದರೆ ಸಾಕು, ಅಣ್ಣನ ಕಂಚಿನ ಕಂಠ ಪಾತ್ರೆಗಳನ್ನು ನಡುಗಿಸುತ್ತಿತ್ತು. “ಅವತ್ತು ನೆಪೋಲಿಯನ್ ಗೆದ್ದಿದ್ರೆ ಮುಂದಿನ ತಿಂಗಳು ಸೋಲ್ತಿದ್ದ ಕಣೋ! ಇನ್ನೂ ಎಷ್ಟು ಸೈನ್ಯ ಬರ್ತಿತ್ತು ಗೊತ್ತಾ ನಿಂಗೆ?”

ತಮ್ಮ ಒಪ್ಪುತ್ತಿರಲಿಲ್ಲ. ಒಪ್ಪುವುದಕ್ಕೆ ಬರುವಂತೆಯೂ ಇರಲಿಲ್ಲ. ಅಣ್ಣ ಹೇಳುವುದೇ ನಿಜವಾದರೆ ಫುಟ್‌ಬಾಲಿನಲ್ಲೂ ಗೆಲ್ಲುವುದು ದಿನಾ ಓಡುವವರು, ಹೊಟ್ಟೆ ನೋಡಿಕೊಂಡು ತಿನ್ನುವವರು. ಹಾಗಾದರೆ ತಂಡವನ್ನು ಬೆಳಿಗ್ಗೆ ಎದ್ದು ಓಡಿಸಬೇಕು, ಜತೆಗೆ ತಾನೂ ಓಡಬೇಕು. ಅದಕ್ಕಿಂತ ಒಂದೇ ದಿನದ ಉಪಾಯದಲ್ಲಿ ರೋಮನ್ನರ ದೊಡ್ಡ ಸೈನ್ಯವನ್ನು ಮುಗಿಸಿದ ಹಳೆಯ ಕಾಲದ ಸೇನಾಪತಿ ಹ್ಯಾನಿಬಾಲನೇ ವಾಸಿ.

ಇದೆಲ್ಲ ಅಣ್ಣನ ಗಂಟಲಿಗೆ ಆಪರೇಷನ್ ಆಗುವ ಮುಂಚಿನ ಕಥೆ.

ಗಂಟಲಲ್ಲಿ ಏನೋ ಗಂಟು ಬೆಳೆದಿತ್ತು, ತೆಗೆದರು. ಕೆಟ್ಟದ್ದೇನಲ್ಲ ಅಂತ ಡಾಕ್ಟರು ಹೇಳಿದಾಗ ಮನೆಯವರೆಲ್ಲ ಉಸಿರು ಬಿಟ್ಟರು. ಗಾಯ ಮಾಯಿತು. ಇನ್ನು ಮಾತಾಡಬಹುದು ಅಂದ ದಿನ ಅಣ್ಣ ಬಾಯಿ ತೆರೆದು ಹೆಂಡತಿಯ ಹತ್ತಿರ ನೀರು ಕೇಳಿದ. ಹೊರಟದ್ದು ತುಕ್ಕು ಹಿಡಿದ ಗೇಟಿನ ಸದ್ದು. ತನ್ನ ದನಿ ತನಗೇ ಕೇಳಿಸಿದ್ದೇ ತಡ, ಮೇಷ್ಟ್ರ ಮುಖ ಕಪ್ಪಿಟ್ಟಿತು. ಕೊನೆಯ ಬೆಂಚಿಗಷ್ಟೇ ಅಲ್ಲ, ಪಕ್ಕದ ತರಗತಿಗೂ ಪಾಠ ಕೇಳಿಸುತ್ತಿದ್ದ ಮನುಷ್ಯ. ಅವತ್ತೇ ಒಂದು ಸ್ಲೇಟು ತರಿಸಿಕೊಂಡ. ಆಮೇಲಿಂದ ಹೂಂ ಇಲ್ಲ, ಉಹೂಂ ಇಲ್ಲ, ಏನು ಬೇಕಾದರೂ ಬಳಪದಲ್ಲೇ.

ಡಾಕ್ಟರು ತಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. “ನೋಡಿ, ಗಂಟಲು ಚೆನ್ನಾಗಿದೆ. ಮಾತಾಡ್ತಾ ಹೋದ್ರೆ ದನಿ ಕೂಡ್ಕೊಳ್ಳುತ್ತೆ. ಮೊದಲಿನಷ್ಟಲ್ಲದಿದ್ರೂ ಮುಕ್ಕಾಲು ಬರುತ್ತೆ. ಹೀಗೇ ಬಾಯಿ ಮುಚ್ಕೊಂಡು ಕೂತ್ರೆ ಆಮೇಲೆ ಬೇಕು ಅಂದ್ರೂ ಬರಲ್ಲ. ಹೇಗಾದ್ರೂ ಮಾಡಿ ಮಾತಾಡಿಸಿ.”

ಅತ್ತಿಗೆ ಕೈಮುಗಿದದ್ದು, ಅತ್ತದ್ದು, ಬೈದದ್ದು ಎಲ್ಲ ಆಯಿತು. “ಮದುವೆಯಾದಾಗಿಂದ ಯಾವಾಗಪ್ಪಾ ಇವರು ಬಾಯಿ ಮುಚ್ತಾರೆ ಅಂತಿದ್ದೆ. ಈಗ ಮನೇಲಿ ಗೋಡೆ ಜತೆ ಬಾಳ್ವೆ ಮಾಡಿದ ಹಾಗಾಗಿದೆ. ನೀನಾದ್ರೂ ಏನಾದ್ರೂ ಮಾಡೋ,” ಎಂದು ತಟ್ಟೆಗೆ ಬಡಿಸುತ್ತ ಸೆರಗಲ್ಲಿ ಕಣ್ಣು ಒರೆಸಿಕೊಂಡಳು. ತಮ್ಮನಿಗೂ ಅಣ್ಣನ ಜಗಳವಿಲ್ಲದೆ ಊಟ ಸಪ್ಪೆಯಾಗಿತ್ತು. ಸಪ್ಪೆ ಅನ್ನುವುದು ಸುಳ್ಳು, ಅವನಿಗೆ ಭಯವಾಗಿತ್ತು. ಚಿಕ್ಕಂದಿನಿಂದ ಅವನನ್ನು ಪೆದ್ದ ಎಂದು ಬೈಯುವ ಹಕ್ಕಿದ್ದದ್ದು ಒಬ್ಬರಿಗೇ. ಆ ಬೈಗುಳ ಇನ್ನು ಯಾವತ್ತೂ ಕಿವಿಗೆ ಬೀಳುವುದಿಲ್ಲ ಅಂದರೆ ತಾನು ಯಾರಿಗೆ ತಮ್ಮ?

ಮಾತಾಡಿಸುವ ದಾರಿ ಅವನಿಗೆ ಗೊತ್ತಿದ್ದದ್ದು ಒಂದೇ, ಕಾಲು ಕೆರೆದು ಜಗಳಕ್ಕೆ ಹೋಗುವುದು. ಊಟಕ್ಕೆ ಕೂತಾಗ ಬೇಕೆಂದೇ ತಪ್ಪುತಪ್ಪಾಗಿ ಹೇಳತೊಡಗಿದ. ನೆಪೋಲಿಯನ್ ವಾಟರ್ಲೂನಲ್ಲಿ ಗೆದ್ದ ಅಂದ. ಅಣ್ಣ ಸ್ಲೇಟಿನ ಮೇಲೆ ‘ತಪ್ಪು’ ಎಂದು ಬರೆದು ತೋರಿಸಿದ. ಹ್ಯಾನಿಬಾಲ್ ಆನೆಗಳನ್ನ ಹಡಗಲ್ಲಿ ಸಾಗಿಸಿ ಬೆಟ್ಟ ದಾಟೋ ಕಷ್ಟ ತಪ್ಪಿಸಿಕೊಂಡ ಅಂದ. ಅಣ್ಣ ಸ್ಲೇಟಿನ ಮೇಲೆ ಒಂದು ದೊಡ್ಡ ಸೊನ್ನೆ ಸುತ್ತಿ ಅನ್ನಕ್ಕೆ ಕೈ ಹಾಕಿದ. ಮೇಷ್ಟ್ರುಗಳಿಗೆ ತಪ್ಪು ಉತ್ತರ ಹೊಸದಲ್ಲ, ಅದರಿಂದ ಅವರ ಬಾಯಿ ಬಿಡಿಸಲಾಗುವುದಿಲ್ಲ ಎನ್ನುವುದು ಚಾಳೀಸು ಕೋಚ್‌ಗೆ ತಡವಾಗಿ ಹೊಳೆಯಿತು.

ಆಗ ಹುಟ್ಟಿದ್ದು ಕ್ಯಾನೇ ಯೋಜನೆ.

ಲೀಗಿಗೆ ಮುಂಚೆ ಐಸ್ ಫ್ಯಾಕ್ಟರಿ ತಂಡದ ಜತೆ ಒಂದು ಅಭ್ಯಾಸ ಪಂದ್ಯ ಇತ್ತು. ಐಸ್ ಫ್ಯಾಕ್ಟರಿಯವರು ದಿನಾ ಮಂಜುಗಡ್ಡೆ ಹೊತ್ತು ತೋಳು ತೊಡೆ ಗಟ್ಟಿ ಮಾಡಿಕೊಂಡವರು, ಎಂದೂ ಸೋಲದವರು. ಕೋಚ್ ಅಣ್ಣನನ್ನು ಅಂಗಡಿಗೆ ಕರೆದು ಕೂರಿಸಿಕೊಂಡು ಗಾಜಿನ ಕೌಂಟರಿನ ಮೇಲೆ ಹಳೆಯ ಫ್ರೇಮುಗಳನ್ನು ಜೋಡಿಸಿದ. ಕಪ್ಪು ಫ್ರೇಮುಗಳು ನಮ್ಮವರು, ಚಿನ್ನದ ಬಣ್ಣದವು ಐಸ್ ಫ್ಯಾಕ್ಟರಿ. ನಡುವಿನ ಕಪ್ಪು ಫ್ರೇಮುಗಳನ್ನು ನಿಧಾನಕ್ಕೆ ಹಿಂದಕ್ಕೆ ಎಳೆದ. “ನೋಡಣ್ಣ, ಕ್ಯಾನೇಲಿ ಹ್ಯಾನಿಬಾಲ್ ಮಾಡಿದ್ದು ಇದನ್ನೇ. ನಡುಪಡೆ ಬೇಕೂಂತ್ಲೇ ಹಿಂದೆ ಸರೀತು. ಗೆದ್ವಿ ಅಂತ ರೋಮನ್ನರು ಒಳಗೆ ನುಗ್ಗಿದ್ರು. ಎರಡೂ ಕಡೆಯಿಂದ ಗಬಕ್ಕಂತ ಮುಚ್ಚಿಬಿಟ್ಟ. ನಾವೂ ಇದನ್ನೇ ಮಾಡ್ತೀವಿ. ಒಂದು ಯುದ್ಧಕ್ಕೆ ಎಷ್ಟು ಶಕ್ತಿ ಇದೆ ಅಂತ ಭಾನುವಾರ ತೋರಿಸ್ತೀನಿ.”

ಅಣ್ಣನ ಹಣೆ ಗಂಟಿಕ್ಕಿತು. ತುಟಿ ಅಲ್ಲಾಡಿತು. ಕೋಚ್ ಉಸಿರು ಬಿಗಿಹಿಡಿದು ಕಾದ. ಅಣ್ಣ ಸ್ಲೇಟು ಎತ್ತಿಕೊಂಡು ‘ರೋಮ್ ಕೊನೆಗೆ ಗೆದ್ದಿತು’ ಎಂದು ಬರೆದ, ಎದ್ದು ಮೆಟ್ಟಿಲು ಹತ್ತಿ ಹೋದ.

ಹುಲಿಗೆ ಕಟ್ಟಿದ ಕುರಿ ಅದು, ಹುಲಿ ಬರಲಿಲ್ಲ. ಅಲ್ಲಿಗೆ ಕೈಬಿಟ್ಟಿದ್ದರೆ ಜಾಣತನ. ಆದರೆ ಕೌಂಟರಿನ ಮೇಲಿನ ಫ್ರೇಮುಗಳನ್ನು ನೋಡುತ್ತ ನೋಡುತ್ತ ಅವನಿಗೇ ಅನ್ನಿಸತೊಡಗಿತು, ಅರೆ, ಇದು ನಿಜವಾಗಲೂ ನಡೆಯುತ್ತದಲ್ಲ! ಅಣ್ಣನಿಗೆಂದು ಕಟ್ಟಿದ್ದ ಕುರಿಯನ್ನು ತಾನೇ ತಿಂದು ಕೂತ.

ಅಭ್ಯಾಸ ಶುರುವಾಯಿತು. ಎದುರಾಳಿಗಳ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಇಟ್ಟರು. ನಡುವಿನವರು ಹಿಂದೆ ಸರಿದರು, ಬದಿಯವರು ಬಳಸಿ ಬಂದರು. ಕುರ್ಚಿಗಳನ್ನು ಅವರು ಅದ್ಭುತವಾಗಿ ಸುತ್ತುವರಿದರು. ಒಂದು ಕುರ್ಚಿಯೂ ತಪ್ಪಿಸಿಕೊಳ್ಳಲಿಲ್ಲ.

ಪಂಕ್ಚರ್‌ಗೆ ಒಂದೇ ಅನುಮಾನ. “ಕೋಚ್, ಹಿಂದೆ ಅಂದ್ರೆ ಎಲ್ಲೀವರೆಗೆ ಹೋಗ್ಬೇಕು?”

“ಶತ್ರು ಪೂರ್ತಿ ಒಳಗೆ ಬರೋವರೆಗೆ.”

“ಒಳಗೆ ಅಂದ್ರೆ?”

“ಅದನ್ನ ನಾನು ನೋಡ್ಕೋತೀನಿ. ನಾನು ಈ ಹಳದಿ ಬಟ್ಟೆ ಬೀಸಿದ ತಕ್ಷಣ ಬದಿಯವರು ಮುಚ್ಚಬೇಕು, ಅಷ್ಟೆ,” ಎಂದು ಕನ್ನಡಕ ಒರೆಸುವ ಬಟ್ಟೆಯನ್ನು ತೋರಿಸಿದ. ಪಂಕ್ಚರ್ ಬೀಗನ ಮುಖ ನೋಡಿದ. ಬೀಗ ಆಕಾಶ ನೋಡಿದ.

ಭಾನುವಾರ ಬೆಳಿಗ್ಗೆ ಮೈದಾನದ ಸುತ್ತ ಜನ ಸೇರಿದರು. ಗಂಡನಿಗೆ ಗಾಳಿ ಬೇಕು ಎಂದು ನೆಪ ಹೇಳಿ ಅತ್ತಿಗೆ ಅಣ್ಣನನ್ನು ಕರೆತಂದು ಎದುರು ಬದಿಯ ಕಲ್ಲುಬೆಂಚಿನ ಮೇಲೆ ಕೂರಿಸಿದಳು. ಅವನ ತೊಡೆಯ ಮೇಲೆ ಸ್ಲೇಟು. ಈ ಬದಿಯಲ್ಲಿ ಕೋಚ್, ಎದೆ ಉಬ್ಬಿಸಿಕೊಂಡು, ಕೈಯಲ್ಲಿ ಹಳದಿ ಬಟ್ಟೆ ಹಿಡಿದುಕೊಂಡು.

ಐಸ್ ಫ್ಯಾಕ್ಟರಿಯವರು ಚೆಂಡು ತಂದರು. ನಮ್ಮ ನಡುಪಡೆ ಸರಿಯಿತು. ಎಷ್ಟು ಚಂದ ಸರಿಯಿತು ಅಂದರೆ ಐಸ್ ಫ್ಯಾಕ್ಟರಿಯವರೇ ಒಂದು ಕ್ಷಣ ತಬ್ಬಿಬ್ಬಾಗಿ ನಿಂತರು, ಏನೋ ಮೋಸ ಇದೆ ಅನ್ನುವ ಹಾಗೆ. ಮೋಸ ಏನೂ ಕಾಣದೆ ಮುಂದೆ ಬಂದರು. ಇವರು ಇನ್ನೂ ಸರಿದರು. ಶತ್ರು ಪೂರ್ತಿ ಒಳಗೆ ಬರಲಿ, ಇನ್ನೊಂದು ಚೂರು ಬರಲಿ, ಎಂದು ಕೋಚ್ ಕಾಯುತ್ತಿದ್ದ. ಅವನು ಬಟ್ಟೆ ಬೀಸುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು. ಬದಿಯವರು ಮಾತ್ರ ಹೇಳಿದಂತೆಯೇ ಬಂದು ಮುಚ್ಚಿದರು. ಅಷ್ಟರಲ್ಲಿ ಐಸ್ ಫ್ಯಾಕ್ಟರಿಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ಕುಣಿಯುವವರನ್ನು ಇವರು ಸುತ್ತುವರಿದರು.

ಎರಡನೆಯದೂ ಹಾಗೇ ಆಯಿತು. ಮೂರನೆಯ ಸಲ ಬಟ್ಟೆ ಬೇಗ ಬೀಸಬೇಕು ಎಂದುಕೊಂಡ, ಆದರೆ ಅದು ಸೀಟಿಯ ದಾರಕ್ಕೆ ಸಿಕ್ಕಿಹಾಕಿಕೊಂಡಿತು. ನಡುಪಡೆಯವರು ಹಿಂದೆ ಹಿಂದೆ ಹಿಂದೆ ಹೋಗಿ ಬೀಗನನ್ನೂ ತಳ್ಳಿಕೊಂಡು ಬಲೆಯೊಳಗೇ ಹೊಕ್ಕರು. ಚೆಂಡು ಅವರ ಹಿಂದೆಯೇ ನಿಧಾನಕ್ಕೆ ಉರುಳಿಕೊಂಡು ಬಂತು. ಬಲೆಯಲ್ಲಿ ಸಿಕ್ಕಿಕೊಂಡೇ ಪಂಕ್ಚರ್ ಕೂಗಿ ಕೇಳಿದ, “ಕೋಚ್, ಇನ್ನೂ ಹಿಂದೆ ಹೋಗ್ಬೇಕಾ?”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಕೋಚ್‌ಗೆ. ತಪ್ಪು ಎಲ್ಲಿದೆ ಎಂದು ಆಗಲೂ ಅವನ ತಲೆಗೆ ಹೋಗಿರಲಿಲ್ಲ. ಬದಿಯವರು ನಿಧಾನ, ಬಟ್ಟೆ ಚಿಕ್ಕದು, ಬಿಸಿಲು ಎದುರಿಗಿದೆ, ಹೀಗೆ ಏನೇನೋ ಯೋಚಿಸುತ್ತ ತಲೆ ಎತ್ತಿದಾಗ ಮೈದಾನದ ಆಚೆ ಬದಿಯಲ್ಲಿ ಅಣ್ಣ ಎದ್ದು ನಿಂತದ್ದು ಕಂಡಿತು. ಮುಖ ಕೆಂಪಾಗಿತ್ತು. ಸ್ಲೇಟಿನ ಮೇಲೆ ಪರಪರ ಗೀಚಿ ಎತ್ತಿ ಹಿಡಿದ.

‘ಹಿಂದೆ ಗೋಲ್ ಇದೆ.’

ಚಾಳೀಸು ಕೋಚ್‌ಗೆ ಅದು ಸ್ಪಷ್ಟವಾಗಿ ಕಾಣಿಸಿತು. ತನ್ನ ಕನ್ನಡಕ ತಾನೇ ಮಾಡಿಕೊಂಡವನು, ದೂರದ ನೋಟದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಓದಿದ ಕೂಡಲೇ ಕಿವಿ ಬಿಸಿಯಾಯಿತು. ಹೌದಲ್ಲ! ಹ್ಯಾನಿಬಾಲನ ಬೆನ್ನ ಹಿಂದೆ ಬರೀ ಬಯಲಿತ್ತು. ಅಲ್ಲಿ ಕಂಬ ಇರಲಿಲ್ಲ, ಬಲೆ ಇರಲಿಲ್ಲ, ಬೀಗ ಇರಲಿಲ್ಲ. ಇಷ್ಟು ದಿನ ತಂಡವನ್ನು ತಾನೇ ಗೋಲಿನೊಳಕ್ಕೆ ನಡೆಸಿಕೊಂಡು ಹೋಗುವ ತಾಲೀಮು ಮಾಡಿಸಿದ್ದ, ಕಡು ಶ್ರದ್ಧೆಯಿಂದ.

ನಾಚಿಕೆಯಿಂದ ಕುಗ್ಗಿಹೋಗಬೇಕಾದ ಆ ಕ್ಷಣದಲ್ಲಿ ಅವನ ಕಣ್ಣು ಅಣ್ಣನ ಗಂಟಲಿನ ಮೇಲೆ ನೆಟ್ಟಿತು. ನರ ಉಬ್ಬಿ ನಿಂತಿತ್ತು. ಕೋಚ್ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಕಿವಿಯ ಹತ್ತಿರ ಕೈಯಿಟ್ಟು ಕೂಗಿದ, “ಏನಣ್ಣಾ? ಕಾಣಿಸ್ತಿಲ್ಲ!”

ಅಣ್ಣ ಅಳಿಸಿ ದೊಡ್ಡದಾಗಿ ಬರೆದ.

“ಉಹೂಂ! ಏನದು, ಚೆನ್ನಾಗಿ ಆಡ್ತಿದ್ದೀವಿ ಅಂತಾನಾ?”

ಸ್ಲೇಟು ಹುಲ್ಲಿನ ಮೇಲೆ ಬಿತ್ತು.

“ಹಿಂದೆ ಗೋಲ್ ಇದೆ ಕಣೋ ಪೆದ್ದಾ!”

ಇಡೀ ಮೈದಾನ ತಿರುಗಿ ನೋಡಿತು. ಅರ್ಧ ಕೀರಲು, ಅರ್ಧ ಗೊಗ್ಗರು, ಮಧ್ಯದಲ್ಲಿ ಎರಡು ಕಡೆ ಮುರಿದು ಬಿದ್ದ ದನಿ. ಐಸ್ ಫ್ಯಾಕ್ಟರಿ ಕಡೆಯ ಯಾರೋ ಒಬ್ಬ ಕಿಸಕ್ಕನೆ ನಕ್ಕ. ಅಣ್ಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಮುಖದ ಕೆಂಪೆಲ್ಲ ಇಳಿದುಹೋಯಿತು. ಬಗ್ಗಿ ಸ್ಲೇಟು ಎತ್ತಿಕೊಂಡು ಗೇಟಿನ ಕಡೆ ತಿರುಗಿದ. ಅತ್ತಿಗೆ ಅವನ ತೋಳು ಹಿಡಿದಳು, ಅವನು ಬಿಡಿಸಿಕೊಂಡ.

ಈಗ ಹೋದರೆ ಮತ್ತೆ ಬಾಯಿ ತೆರೆಯುವವನಲ್ಲ. ಕೋಚ್‌ಗೆ ಅದು ಗೊತ್ತಿತ್ತು. ಆಟ ನಡೆಯುತ್ತಿದೆ ಅನ್ನುವುದನ್ನೂ ಮರೆತು ಮೈದಾನದ ನಡುವಿನಿಂದಲೇ ಓಡಿದ. ಅಷ್ಟು ವರ್ಷಗಳಲ್ಲಿ ಅವನು ಓಡಿದ್ದನ್ನು ಆಟಗಾರರು ನೋಡಿದ್ದು ಅದೇ ಮೊದಲು. ಚೆಂಡು ಕಾಲಿಗೆ ಬಡಿದು ಎಡವಿದ, ಎದ್ದ, ಅಣ್ಣನಿಗೆ ಅಡ್ಡ ನಿಂತ.

“ಗೋಲ್ ಇದ್ರೇನು?” ಎಂದು ಇಡೀ ಊರಿಗೆ ಕೇಳುವಂತೆ ಗಂಟಲು ಹರಿದುಕೊಂಡ. “ಹ್ಯಾನಿಬಾಲ್ ಹಿಂದೆಯೂ ಗೋಲ್ ಇತ್ತು!”

ಇದಕ್ಕಿಂತ ಪೆದ್ದು ಮಾತನ್ನು ಆ ಮೈದಾನದಲ್ಲಿ ಯಾರೂ ಆಡಿರಲಿಲ್ಲ. ಜನ ಬಾಯಿ ಬಿಟ್ಟುಕೊಂಡು ನೋಡಿದರು. ನಗುತ್ತಿದ್ದವನು ಈಗ ಇವನನ್ನು ನೋಡಿ ನಕ್ಕ. ನಗಲಿ ಬಿಡು ಅಂದುಕೊಂಡ ಕೋಚ್, ಎಲ್ಲ ನಗುವೂ ಈ ಕಡೆಗೇ ಬರಲಿ.

ಅಣ್ಣ ನಿಂತ. ಅವನೊಳಗೆ ನಾಚಿಕೆಗೂ ಕೋಪಕ್ಕೂ ಕುಸ್ತಿ ನಡೆಯುತ್ತಿದ್ದದ್ದು ಕಾಣುತ್ತಿತ್ತು. ತಪ್ಪು ಉತ್ತರವನ್ನು ಸಹಿಸಿಕೊಳ್ಳಬಹುದು, ಆದರೆ ಇಷ್ಟು ಜನರ ಎದುರಿಗೆ ತನ್ನ ಸ್ವಂತ ತಮ್ಮ, ಇಷ್ಟು ಗಟ್ಟಿಯಾಗಿ, ಇಂಥ ತಪ್ಪನ್ನು!

“ಎಲ್ಲಿತ್ತೋ ಗೋಲು?” ಗಂಟಲಿನ ಆ ತುಕ್ಕು ಗೇಟು ಮತ್ತೆ ಕಿರುಗುಟ್ಟಿತು. “ಯಾವ ಪುಸ್ತಕದಲ್ಲಿ ಓದ್ದೆ? ಬಯಲು ಕಣೋ ಅದು, ಬಯಲು! ಹಿಂದೆ ಸರಿದ್ರೆ ಅವನಿಗೆ ಕಳ್ಕೊಳ್ಳೋಕೆ ಏನಿತ್ತು? ಒಂದಿಷ್ಟು ಮಣ್ಣು. ನಿಂಗೆ ಕಳ್ಕೊಳ್ಳೋಕೆ ಗೋಲಿತ್ತು!”

“ಅದೆಲ್ಲ ನೆಪ. ಉಪಾಯ ಒಂದೇ ತಾನೇ?”

“ಉಪಾಯವಂತೆ! ಹ್ಯಾನಿಬಾಲನ ಬದಿಪಡೇಲಿ ಕುದುರೆ ಇತ್ತು. ನಿನ್ನ ಬದಿಪಡೇಲಿ ಏನಿದೆ? ಬೇಕರಿಯವನು, ಟೈಲರ್ರು!” ಕೆಮ್ಮು ಬಂತು. ಅತ್ತಿಗೆ ನೀರಿನ ಬಾಟಲಿ ಕೊಟ್ಟಳು. ಒಂದು ಗುಟುಕು ಕುಡಿದು ಅಣ್ಣ ಮುಂದುವರಿಸಿದ. ಧಾನ್ಯ ಬಂತು, ರಸ್ತೆ ಬಂತು, ಹ್ಯಾನಿಬಾಲ್ ಗೆದ್ದಮೇಲೂ ರೋಮನ್ನರು ಹೊಸ ಸೈನ್ಯ ಕಟ್ಟುತ್ತಲೇ ಹೋದದ್ದು ಬಂತು. ದನಿ ನಡುನಡುವೆ ಒಡೆಯುತ್ತಿತ್ತು, ಒಮ್ಮೊಮ್ಮೆ ಪೂರ್ತಿ ನಿಂತೇ ಹೋಗುತ್ತಿತ್ತು, ಅವನು ಅದನ್ನು ಗದರಿಸಿ ಎಬ್ಬಿಸಿ ಮತ್ತೆ ದುಡಿಸುತ್ತಿದ್ದ. ಕೋಚ್ ಸಂದು ಸಿಕ್ಕಲ್ಲೆಲ್ಲ ಒಂದೊಂದು ದಡ್ಡ ಪ್ರಶ್ನೆ ತುರುಕಿದ. ಅದಕ್ಕೆ ಅವನು ಕಷ್ಟಪಡಬೇಕಾಗಲಿಲ್ಲ, ಅವೆಲ್ಲ ಅವನ ಬಳಿ ದಂಡಿಯಾಗಿದ್ದವು.

ಬೆನ್ನ ಹಿಂದೆ ಹೋ ಅನ್ನುವ ಸದ್ದು ಕೇಳಿಸಿದಾಗ ನಾಲ್ಕನೆಯದೂ ಬಿತ್ತು ಅಂದುಕೊಂಡ. ತಿರುಗಿ ನೋಡಲಿಲ್ಲ.

ಪಂದ್ಯ ಮುಗಿದ ಮೇಲೆ ಪಂಕ್ಚರ್ ಓಡಿಬಂದ. ಏದುಸಿರು ಬಿಡುತ್ತಿದ್ದರೂ ಮುಖ ಅರಳಿತ್ತು. “ಕೋಚ್, ಒಂದು ಗೋಲ್ ಹೊಡೆದ್ವಿ! ನೋಡಿದ್ರಾ?”

“ಹೊಡೆದ್ರಾ? ಹೇಗೆ?”

ಪಂಕ್ಚರ್ ತಲೆ ಕೆರೆದುಕೊಂಡ. “ನೀವು ಆ ಕಡೆ ತಿರುಗಿದ್ರಲ್ಲ, ಅದಕ್ಕೇ ನಾವು ಮುಂದೆ ಹೋದ್ವಿ.” ಸ್ವಲ್ಪ ಅನುಮಾನಿಸಿ ಮೇಷ್ಟ್ರ ಕಡೆ ನೋಡಿ ಹೇಳಿದ, “ಸಾರ್, ಲೀಗ್ ಮ್ಯಾಚಿಗೂ ಬನ್ನಿ. ಹೀಗೇ ಆ ಬದೀಲಿ ಕೂತು ಕೋಚ್ ಜತೆ ಜಗಳ ಆಡ್ತಿರಿ. ನಮ್ಗೆ ಬಹಳ ಅನುಕೂಲ ಆಗುತ್ತೆ.”

ಕೋಚ್‌ಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು? ಇಷ್ಟು ವರ್ಷ ತಂಡಕ್ಕೆ ಅಡ್ಡವಾಗಿದ್ದದ್ದು ಐಸ್ ಫ್ಯಾಕ್ಟರಿಯಲ್ಲ, ತಾನೇ ಅನ್ನುವುದು ಹೀಗೆ ಮುಖಕ್ಕೆ ರಾಚಿತು. ನೋವಾಗಬೇಕಿತ್ತು, ಆಗಲಿಲ್ಲ. ಅವತ್ತು ಅವನ ಮನಸ್ಸಿನಲ್ಲಿ ನೋವಿಗೆ ಜಾಗವಿರಲಿಲ್ಲ.

ಮೂವರೂ ಮನೆಯ ಕಡೆ ನಡೆದರು. ಅಣ್ಣ ತಮ್ಮ ಮುಂದೆ, ಅತ್ತಿಗೆ ನಾಲ್ಕು ಹೆಜ್ಜೆ ಹಿಂದೆ. ಷಟರ್ ಎಳೆದ ಅಂಗಡಿಗಳ ನಡುವೆ ಅಣ್ಣನ ದನಿ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಒರಟು ದನಿ, ಆದರೆ ಆಗಲೇ ಮೇಷ್ಟ್ರ ದನಿ.

“ಈಗ ಹೇಳು. ಯುದ್ಧ ಯುದ್ಧ ಅಂತ ಇಷ್ಟು ವರ್ಷ ನನ್ನ ತಲೆ ತಿಂದೆ. ಇವತ್ತು ಒಂದು ಯುದ್ಧ ಆಯ್ತಲ್ಲ, ಅದರಿಂದ ಏನು ಬದಲಾಯ್ತು? ಹೇಳು ನೋಡೋಣ, ಒಂದೇ ಒಂದು.”

ತಮ್ಮನ ಬಾಯಿಯ ತುದಿಗೆ ಉತ್ತರ ಬಂದು ನಿಂತಿತು. ಜೀವಮಾನದಲ್ಲಿ ಮೊದಲ ಸಲ ಅವನ ಹತ್ತಿರ ಸರಿಯಾದ ಉತ್ತರ ಇತ್ತು, ಅಣ್ಣನ ಎಲ್ಲ ವಾದಕ್ಕೂ ಮಣ್ಣು ಮುಕ್ಕಿಸುವಂಥ ಉತ್ತರ. ಅದನ್ನು ಹೇಳಿದರೆ ಅಣ್ಣನಿಗೆ ತನ್ನ ದನಿಯ ನೆನಪಾಗುತ್ತದೆ. ನೆನಪಾದರೆ ಮತ್ತೆ ನಾಚಿಕೆ, ಮತ್ತೆ ಸ್ಲೇಟು. ಉತ್ತರವನ್ನು ನುಂಗಿಕೊಂಡ.

“ಏನಿಲ್ಲ ಬಿಡು,” ಅಂದ. “ಆದ್ರೆ ಲೀಗಲ್ಲಿ ನೋಡ್ತಿರು. ಈ ಸಲ ಕಪ್ಪು ನಮ್ದೇ.”

“ಕಪ್ಪಂತೆ ಕಪ್ಪು! ನಾನು ಹೇಳಿದ್ದೇ ಸರಿ. ಒಂದು ಯುದ್ಧದಿಂದ ಏನೂ ಬದಲಾಗಲ್ಲ.”

ಹಿಂದಿನಿಂದ ಅತ್ತಿಗೆಯ ಮಾತು ಕೇಳಿಸಿತು. ಅಳು ಬಂದು ಅವಳ ದನಿ ತೇವವಾಗಿತ್ತು. “ಏನಂದ್ರಿ? ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ.”

ಅಣ್ಣ ನಡುಬೀದಿಯಲ್ಲಿ ನಿಂತು ಹಿಂದಕ್ಕೆ ತಿರುಗಿದ.

“ಒಂದು ಯುದ್ಧದಿಂದ ಏನೂ ಬದಲಾಗಲ್ಲ ಅಂದೆ!” ಎಂದು ಕೂಗಿ ಹೇಳಿದ.